ಹಳೆಯ ಗಣಕದ ಗ್ರಾಫಿಕ್ಸ್ ದೋಷ: ಮದ್ದಿಗೆ ಮೊದಲು ಪರೀಕ್ಷೆ

ಬೆಂಗಳೂರಿನ ಉತ್ತರಕ್ಕಿರುವ ಜಕ್ಕೂರು ಸುಮಾರು 13.1 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಆದ್ದರಿಂದ ವರ್ಷದಲ್ಲಿ ಎರಡು ಬಾರಿ, ಏಪ್ರಿಲ್ 24-25 ಹಾಗೂ ಆಗಸ್ಟ್ 18ರ ಆಸುಪಾಸಿನಲ್ಲಿ, ನಡುಹಗಲಿನ ಸೂರ್ಯ ಅಲ್ಲಿ ನೇರ ನೆತ್ತಿಯ ಮೇಲೆ ಬರುತ್ತಾನೆ. ಆ ಕ್ಷಣದಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳಿರುವುದಿಲ್ಲ. ಇದನ್ನು ತರಗತಿಯಲ್ಲಿ ಮುಂಚಿತವಾಗಿ ತೋರಿಸಬಯಸುವ ಶಿಕ್ಷಕರಿಗೆ ‘ಸ್ಟೆಲ್ಲೇರಿಯಂ’ ಎಂಬ ಉಚಿತ, ಮುಕ್ತ ತಂತ್ರಾಂಶವಿದೆ. ಫ್ರಾನ್ಸಿನ ಫಾಬಿಯೆನ್ ಶೆರೊ ಆರಂಭಿಸಿದ ಈ ತಂತ್ರಾಂಶದಲ್ಲಿ ಊರನ್ನೂ ದಿನವನ್ನೂ ಕೊಟ್ಟರೆ ಸಾಕು, ಅಲ್ಲಿನ ಆಕಾಶ ತೆರೆಯ ಮೇಲೆ ಮೂಡುತ್ತದೆ.

ಆದರೆ ಶಾಲೆಯ ಗಣಕ ಹಳೆಯದಾಗಿದ್ದರೆ? ಆಕಾಶದ ಬದಲು ಬರಿಯ ಕಪ್ಪು ಚೌಕ ಕಾಣಬಹುದು. ತೆರೆಯ ತುಂಬ ಪಟ್ಟೆಗಳು ಬರಬಹುದು. ತಂತ್ರಾಂಶ ತೆರೆದ ಕೂಡಲೇ ಮುಚ್ಚಿಕೊಳ್ಳಬಹುದು. ಆಗ ಎಲ್ಲೆಡೆ ಸಿಗುವ ಸಲಹೆಗಳು ಮೂರು: ‘ಹಾರ್ಡ್‌ವೇರ್ ಆಕ್ಸಿಲರೇಶನ್ ಕಡಿಮೆ ಮಾಡಿ’, ‘ಡ್ರೈವರ್ ಹೊಸದು ಹಾಕಿ’, ‘ಕಾರ್ಡ್ ಬದಲಾಯಿಸಿ’. ಈ ಸಲಹೆಗಳೂ ಅವುಗಳಿಗೆ ಎಡೆಮಾಡಿಕೊಟ್ಟ ಸೆಟ್ಟಿಂಗ್‌ಗಳೂ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ದೋಷ ಎಲ್ಲಿದೆ ಎಂದು ತಿಳಿಸದ ಪರಿಹಾರವನ್ನು ಪರಿಹಾರವೆಂದು ಒಪ್ಪಬಾರದು ಎಂಬುದು ಇಲ್ಲಿನ ವಾದ.

ಚಿತ್ರ ನಡೆದು ಬರುವ ದಾರಿ

ತೆರೆಯ ಮೇಲೆ ಒಂದು ನಕ್ಷತ್ರ ಮೂಡಬೇಕಾದರೆ ಅದು ಆರೇಳು ಹಂತಗಳನ್ನು ದಾಟಬೇಕು. ಮೊದಲು ಸ್ಟೆಲ್ಲೇರಿಯಂನಂತಹ ತಂತ್ರಾಂಶ ‘ಇಲ್ಲಿ ಒಂದು ಬಿಂದು ಬರೆ’ ಎನ್ನುತ್ತದೆ. ಈ ಆಜ್ಞೆ ಓಪನ್‌ಜಿಎಲ್ ಅಥವಾ ಡೈರೆಕ್ಟ್‌3ಡಿ ಎಂಬ ಸಾಮಾನ್ಯ ಭಾಷೆಯಲ್ಲಿರುತ್ತದೆ. ಡ್ರೈವರ್ ಎಂಬ ಚಾಲಕ ತಂತ್ರಾಂಶ ಅದನ್ನು ಆ ನಿರ್ದಿಷ್ಟ ಕಾರ್ಡಿಗೆ ಅರ್ಥವಾಗುವಂತೆ ಬದಲಿಸುತ್ತದೆ. ಕಾರ್ಡಿನ ಚಿಪ್ ಚಿತ್ರವನ್ನು ಬರೆದು ಮೆಮೊರಿಯಲ್ಲಿ ಇಡುತ್ತದೆ. ಮೆಮೊರಿಯಲ್ಲಿರುವುದು ಸೆಕೆಂಡಿಗೆ 60 ಅಥವಾ ಹೆಚ್ಚು ಬಾರಿ ಕೇಬಲ್ ಮೂಲಕ ಹೊರಟು ಕೊನೆಗೆ ಮಾನಿಟರ್ ತಲಪುತ್ತದೆ. ಈ ಹಂತಗಳಲ್ಲಿ ಯಾವುದು ಕೆಟ್ಟರೂ ನಮಗೆ ಕಾಣುವುದು ಒಂದೇ: ‘ಚಿತ್ರ ಸರಿಯಿಲ್ಲ’.

ಇದಕ್ಕೆ ಜಕ್ಕೂರಿನಲ್ಲೇ ಒಂದು ಹೋಲಿಕೆ ಸಿಗುತ್ತದೆ. ಅಲ್ಲಿನ ಕೆರೆಗೆ ಕೊಳಚೆ ನೀರು ನೇರವಾಗಿ ಸೇರದಂತೆ ಮೊದಲು ಶುದ್ಧೀಕರಣ ಘಟಕವಿದೆ. ದಿನಕ್ಕೆ ಒಂದು ಕೋಟಿ ಲೀಟರ್ ಸಾಮರ್ಥ್ಯದೊಂದಿಗೆ ಆರಂಭವಾದ ಘಟಕ ಅದು. ಅಲ್ಲಿಂದ ಹೊರಟ ನೀರು ಜೊಂಡು ಬೆಳೆದ ಜೌಗು ಪ್ರದೇಶವನ್ನು ಹಾದು ಆಮೇಲೆ ಕೆರೆ ಸೇರುತ್ತದೆ. ಕೆರೆಯ ನೀರು ಒಂದು ದಿನ ನಾರಿತು ಎನ್ನೋಣ. ತಪ್ಪು ಘಟಕದ್ದೋ, ಜೌಗಿನದ್ದೋ, ನಡುವೆ ಬೇರೆಲ್ಲಿಂದಲೋ ಸೇರಿದ ಚರಂಡಿಯದ್ದೋ? ಉತ್ತರ ಬೇಕಾದರೆ ಪ್ರತಿ ಹಂತದ ಹೊರಹರಿವಿನಿಂದ ಒಂದೊಂದು ಸೀಸೆ ನೀರು ತೆಗೆದು ನೋಡಬೇಕು. ಅದರ ಬದಲು ಒಳಹರಿವನ್ನೇ ಮುಚ್ಚಿಬಿಟ್ಟರೆ ಕೊಳಕು ಬರುವುದೇನೋ ನಿಲ್ಲುತ್ತದೆ. ಆದರೆ ಕಾರಣ ತಿಳಿಯುವುದಿಲ್ಲ, ಕೆರೆಯೂ ತುಂಬುವುದಿಲ್ಲ. ಗ್ರಾಫಿಕ್ಸ್ ಸೆಟ್ಟಿಂಗ್‌ನ ವಿಷಯದಲ್ಲಿ ನಾವು ಬಹಳಷ್ಟು ಸಲ ಮಾಡುವುದು ಈ ಎರಡನೆಯ ಕೆಲಸವನ್ನೇ.

ಆರು ಮೆಟ್ಟಿಲಿನ ಸ್ಲೈಡರ್

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಬಳಸಿದವರಿಗೆ ಆ ಪುಟ ನೆನಪಿರಬಹುದು. ಡಿಸ್‌ಪ್ಲೇ ಸೆಟ್ಟಿಂಗ್‌ನೊಳಗೆ ‘ಅಡ್ವಾನ್ಸ್‌ಡ್’ ಗುಂಡಿ, ಅದರೊಳಗೆ ‘ಟ್ರಬಲ್‌ಶೂಟ್’ ಪುಟ, ಅಲ್ಲಿ ಒಂದು ಸ್ಲೈಡರ್. ಬಲತುದಿಯಲ್ಲಿ ‘ಪೂರ್ಣ’, ಎಡತುದಿಯಲ್ಲಿ ‘ಶೂನ್ಯ’, ಎರಡೂ ಸೇರಿ ಆರು ಸ್ಥಾನಗಳು. ಒಂದೊಂದು ಸ್ಥಾನ ಎಡಕ್ಕೆ ಸರಿದಂತೆ ಕಾರ್ಡಿನ ಒಂದೊಂದು ಕೆಲಸ ನಿಲ್ಲುತ್ತದೆ. ಮೊದಲು ಮೌಸ್ ಬಾಣ ಹಾಗೂ ಬಿಟ್‌ಮ್ಯಾಪ್ ಚಿತ್ರಗಳು, ಆಮೇಲೆ ಮುಂದುವರಿದ ರೇಖಾಚಿತ್ರಣ, ನಂತರ ಡೈರೆಕ್ಟ್‌ಡ್ರಾ ಮತ್ತು ಡೈರೆಕ್ಟ್‌3ಡಿ. ಕೊನೆಗೆ ಎಲ್ಲವನ್ನೂ ಗಣಕದ ಪ್ರೊಸೆಸರ್ರೇ ಬರೆಯಬೇಕಾಗುತ್ತದೆ.

ಈ ವಿನ್ಯಾಸದಲ್ಲಿ ಮೆಚ್ಚತಕ್ಕ ಅಂಶಗಳಿವೆ. ಯಾವ ಸ್ಥಾನದಲ್ಲಿ ಏನು ನಿಲ್ಲುತ್ತದೆಂದು ಅಲ್ಲೇ ಒಂದು ಸಾಲಿನ ವಿವರಣೆ ಇದೆ. ಬಳಕೆದಾರನಿಗೆ ಒಮ್ಮೆಲೇ ಎಲ್ಲವನ್ನೂ ಕಳೆದುಕೊಳ್ಳದೆ ಹಂತಹಂತವಾಗಿ ಇಳಿಯುವ ಅವಕಾಶವಿದೆ. ಒಬ್ಬ ಶಿಕ್ಷಕ ಒಂದೊಂದೇ ಮೆಟ್ಟಿಲು ಇಳಿಯುತ್ತ ಪ್ರತಿ ಬಾರಿಯೂ ಫಲಿತಾಂಶ ಗುರುತಿಸಿಕೊಂಡರೆ ದೋಷ ಯಾವ ಬಗೆಯ ಚಿತ್ರಣದಲ್ಲಿದೆ ಎಂಬುದು ತಿಳಿಯುತ್ತದೆ.

ಕೊರತೆಗಳು ಮೂರು. ಮೊದಲನೆಯದು, ಮೆಟ್ಟಿಲುಗಳು ಸಂಚಿತವಾಗಿವೆ. ಡೈರೆಕ್ಟ್‌3ಡಿಯನ್ನು ಮಾತ್ರ ನಿಲ್ಲಿಸಿ ಉಳಿದುದನ್ನು ಇಟ್ಟುಕೊಳ್ಳೋಣವೆಂದರೆ ಈ ಸ್ಲೈಡರ್‌ನಲ್ಲಿ ಆಗದು. ಒಂದು ಪ್ರಯೋಗದಲ್ಲಿ ಒಂದೇ ಚರವನ್ನು ಬದಲಿಸಬೇಕೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ; ಸ್ಲೈಡರ್ ಆ ನಿಯಮವನ್ನು ಪಾಲಿಸಲು ಬಿಡುವುದಿಲ್ಲ. ಎರಡನೆಯದು, ಅದು ತನ್ನನ್ನು ‘ದೋಷ ಸರಿಪಡಿಸುವ’ ಸಾಧನವೆಂದು ಕರೆದುಕೊಳ್ಳುತ್ತದೆ. ವಾಸ್ತವದಲ್ಲಿ ಅದು ಏನನ್ನೂ ಸರಿಪಡಿಸುವುದಿಲ್ಲ, ಕೆಟ್ಟ ದಾರಿಯನ್ನು ತಪ್ಪಿಸಿ ಬಳಸುದಾರಿ ತೋರಿಸುತ್ತದೆ ಅಷ್ಟೆ. ಮೂರನೆಯದೇ ಹೆಚ್ಚು ಹಾನಿಕರ: ಒಮ್ಮೆ ಎಳೆದಿಟ್ಟ ಸ್ಲೈಡರ್ ಅಲ್ಲಿಯೇ ಉಳಿದುಬಿಡುತ್ತದೆ.

ಪರಿಣಾಮ ನೋಡಿ. ಯಾರೋ ಒಬ್ಬರು ಪಟ್ಟೆ ಹೋಗಲೆಂದು ಸ್ಲೈಡರನ್ನು ಶೂನ್ಯಕ್ಕೆ ಎಳೆದು ಹೋಗಿರುತ್ತಾರೆ. ಆರು ತಿಂಗಳ ಮೇಲೆ ಇನ್ನೊಬ್ಬರು ವಿಡಿಯೋ ಹಾಕಿದರೆ ಅದು ಕುಂಟುತ್ತದೆ. ಮೂರು ಆಯಾಮದ ತಂತ್ರಾಂಶ ತೆರೆಯುವುದೇ ಇಲ್ಲ. ವಿಂಡೋಸ್‌ನದೇ ತಪಾಸಣಾ ತಂತ್ರಾಂಶವಾದ ‘ಡಿಎಕ್ಸ್‌ಡಯಾಗ್’ ಓಡಿಸಿದರೆ ಡೈರೆಕ್ಟ್‌3ಡಿ ಲಭ್ಯವಿಲ್ಲ ಎನ್ನುತ್ತದೆ. ಅದನ್ನು ನೋಡಿದವರು ‘ಕಾರ್ಡ್ ಹೋಗಿದೆ’ ಎಂದು ತೀರ್ಮಾನಿಸುತ್ತಾರೆ. ಕಾರ್ಡ್ ಹೋಗಿಲ್ಲ, ಅದಕ್ಕೆ ಕೆಲಸ ಕೊಡುವುದನ್ನು ನಾವೇ ನಿಲ್ಲಿಸಿದ್ದೇವೆ. ಹೀಗೆ ಒಂದು ಪರೀಕ್ಷೆಯನ್ನು ಮದ್ದೆಂದು ತಿಳಿದದ್ದರಿಂದ ಚೆನ್ನಾಗಿರುವ ಯಂತ್ರ ಮೂಲೆ ಸೇರುತ್ತದೆ.

ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2014ರ ಏಪ್ರಿಲ್ 8ರಂದು ಮುಗಿಯಿತು. ವಿಂಡೋಸ್ 7ರಲ್ಲಿ ಆ ಪುಟ ಉಳಿದಿದ್ದರೂ ಅನೇಕ ಡ್ರೈವರ್‌ಗಳು ಬದಲಾವಣೆಗೆ ಒಪ್ಪದೆ ಗುಂಡಿ ಮಂಕಾಗಿರುತ್ತಿತ್ತು. ಆದರೆ ಅದೇ ಸ್ಲೈಡರ್ ಈಗ ಜಾಲಬ್ರೌಸರ್‌ಗಳಲ್ಲಿ ಇನ್ನೊಂದು ರೂಪದಲ್ಲಿ ಬದುಕಿದೆ. ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲಿಯೂ ಹಾರ್ಡ್‌ವೇರ್ ಆಕ್ಸಿಲರೇಶನ್ ಬಳಸಬೇಕೇ ಬೇಡವೇ ಎಂಬ ಆಯ್ಕೆ ಇದೆ. ಆರು ಮೆಟ್ಟಿಲು ಹೋಗಿ ಎರಡಾಗಿವೆ. ವಿವರಣೆಯ ಸಾಲುಗಳೂ ಹೋದವು.

ಬಾಯಿಂದ ಬಾಯಿಗೆ ಬಂದ ಸಲಹೆಗಳು

‘ಡ್ರೈವರ್ ಹೊಸದು ಹಾಕಿ’ ಎಂಬ ಮಾತು ಹೊಸ ಗಣಕಕ್ಕೆ ಸರಿ. ಹಳೆಯದಕ್ಕೆ ಅದು ಅರ್ಧ ಸತ್ಯ. ಪ್ರತಿ ಕಾರ್ಡಿಗೂ ಒಂದು ಕೊನೆಯ ಡ್ರೈವರ್ ಇರುತ್ತದೆ. ಅದರ ನಂತರದ್ದು ಆ ಕಾರ್ಡನ್ನು ಗುರುತಿಸುವುದೇ ಇಲ್ಲ. ಉದಾಹರಣೆಗೆ, ಎನ್‌ವಿಡಿಯಾದ ‘ಕೆಪ್ಲರ್’ ಪೀಳಿಗೆಯ ಕಾರ್ಡುಗಳಿಗೆ 470ನೇ ಸರಣಿಯೇ ಕೊನೆ. 2021ರ ನಂತರದ ಸರಣಿಗಳು ಅವನ್ನು ಕೈಬಿಟ್ಟವು. 2005ರಲ್ಲಿ ಬಂದ ಇಂಟೆಲ್ 945ಜಿ ಬೋರ್ಡಿನೊಳಗಿನ ಜಿಎಂಎ 950 ಗ್ರಾಫಿಕ್ಸ್‌ಗೆ ವಿಂಡೋಸ್ 10ಕ್ಕಾಗಿ ಇಂಟೆಲ್ ಅಧಿಕೃತ ಡ್ರೈವರ್ ನೀಡಲೇ ಇಲ್ಲ. ತಕ್ಕ ಡ್ರೈವರ್ ಸಿಗದಾಗ ಈಚಿನ ವಿಂಡೋಸ್ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂಬ ಸಾಮಾನ್ಯ ಡ್ರೈವರ್ ಹಾಕಿಕೊಳ್ಳುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಈ ಹೆಸರು ಕಂಡರೆ ಕಾರ್ಡಿನ ವೇಗವರ್ಧನೆ ಕೆಲಸ ಮಾಡುತ್ತಿಲ್ಲವೆಂದೇ ಅರ್ಥ. ಆದ್ದರಿಂದ ಸಲಹೆ ಹೀಗಿರಬೇಕು: ‘ನಿಮ್ಮ ಕಾರ್ಡಿನ ಹೆಸರು ನೋಡಿ, ಅದಕ್ಕೂ ನಿಮ್ಮ ವಿಂಡೋಸ್‌ಗೂ ಹೊಂದುವ ಕೊನೆಯ ಡ್ರೈವರ್ ಹಾಕಿ’.

‘ಎಜಿಪಿ ಅಪರ್ಚರನ್ನು ಒಟ್ಟು ರ್‍ಯಾಮ್‌ನ ಅರ್ಧದಷ್ಟು ಇಡಿ’ ಎಂಬುದು ಎಜಿಪಿ ಕಾರ್ಡಿನ ಕಾಲದಲ್ಲಿ ಬಹಳ ಕೇಳಿಬಂದ ಸೂತ್ರ. ಅಪರ್ಚರ್ ಎಂದರೆ ಕಾರ್ಡು ಮುಖ್ಯ ಮೆಮೊರಿಯನ್ನು ತಲಪಬಹುದಾದ ವಿಳಾಸಗಳ ಕಿಟಕಿ. ಕಿಟಕಿ ದೊಡ್ಡದಿಟ್ಟ ಮಾತ್ರಕ್ಕೆ ಅಷ್ಟು ಮೆಮೊರಿ ಕಾರ್ಡಿಗೆ ಮೀಸಲಾಗುವುದಿಲ್ಲ, ವೇಗವೂ ಹೆಚ್ಚುವುದಿಲ್ಲ. ಬೋರ್ಡಿನಲ್ಲೇ ಅಡಕವಾದ ಗ್ರಾಫಿಕ್ಸ್‌ನ ಹಂಚಿಕೆ ಮೆಮೊರಿಯ ಕತೆ ಬೇರೆ. ಅಲ್ಲಿ ಬಯೋಸ್‌ನಲ್ಲಿ 32 ಎಂಬಿ ಮೀಸಲಿಟ್ಟರೆ ವಿಂಡೋಸ್‌ಗೆ 32 ಎಂಬಿ ಕಡಿಮೆಯೇ. ಈ ಎರಡು ಸೆಟ್ಟಿಂಗ್‌ಗಳನ್ನು ಒಂದೇ ಎಂದು ಬೆರೆಸಿದ್ದು ಆ ಸೂತ್ರದ ತಪ್ಪು.

ಇನ್ನು ‘ಸೆಟ್ಟಿಂಗ್ ಕೆಟ್ಟಿದೆ, 32 ಬಿಟ್ ಬಣ್ಣ ಬರುತ್ತಿಲ್ಲ’ ಎಂಬ ದೂರು. ತೀರಾ ಹಳೆಯ ಕಾರ್ಡುಗಳಲ್ಲಿ ಇದು ದೋಷವೇ ಅಲ್ಲ, ಗುಣಾಕಾರ. 1024×768 ಎಂದರೆ 7,86,432 ಚುಕ್ಕೆಗಳು. ಚುಕ್ಕೆಗೆ 4 ಬೈಟ್‌ನಂತೆ 31,45,728 ಬೈಟ್ ಬೇಕು. 2 ಎಂಬಿ ಮೆಮೊರಿ ಎಂದರೆ 20,97,152 ಬೈಟ್ ಮಾತ್ರ. ಚುಕ್ಕೆಗೆ 2 ಬೈಟ್ ಸಾಕೆಂದರೆ, ಅಂದರೆ 16 ಬಿಟ್ ಬಣ್ಣಕ್ಕೆ ಒಪ್ಪಿದರೆ, 15,72,864 ಬೈಟ್‌ನಲ್ಲಿ ಕೆಲಸ ಮುಗಿಯುತ್ತದೆ. ಎಂಟನೆಯ ತರಗತಿಯ ವಿದ್ಯಾರ್ಥಿ ಮಾಡಬಹುದಾದ ಈ ಲೆಕ್ಕವನ್ನು ಸೆಟ್ಟಿಂಗ್ ಪುಟ ಎಲ್ಲಿಯೂ ಹೇಳುವುದಿಲ್ಲ. ಆಯ್ಕೆಯನ್ನು ಸುಮ್ಮನೆ ಕಾಣದಂತೆ ಮಾಡುತ್ತದೆ.

ಸ್ಟೆಲ್ಲೇರಿಯಂ ತೋರಿದ ಇನ್ನೊಂದು ದಾರಿ

ಇದಕ್ಕೆ ಹೋಲಿಸಿದರೆ ಸ್ಟೆಲ್ಲೇರಿಯಂ ತಂಡದ ಕ್ರಮ ಹೆಚ್ಚು ಪ್ರಾಮಾಣಿಕವಾಗಿದೆ. ಅದರ 0.13 ಸರಣಿಯಿಂದ ಮುಂದಕ್ಕೆ ಓಪನ್‌ಜಿಎಲ್ 2.1 ಬೇಕಾಯಿತು. ಮೇಲೆ ಹೇಳಿದ ಜಿಎಂಎ 950 ವಿಂಡೋಸ್‌ನಲ್ಲಿ ಕೊಡುವುದು ಓಪನ್‌ಜಿಎಲ್ 1.4 ಮಾತ್ರ. ಯಾವ ಸೆಟ್ಟಿಂಗ್ ತಿರುಗಿಸಿದರೂ ಈ ಅಂತರ ತುಂಬುವುದಿಲ್ಲ. ತಂಡ ಇದನ್ನು ಮುಚ್ಚಿಡದೆ, ದುರ್ಬಲ ಗ್ರಾಫಿಕ್ಸ್ ಇರುವ ಹಳೆಯ ಗಣಕಗಳಿಗಾಗಿಯೇ 0.12 ಸರಣಿಯನ್ನು ಕೆಲಕಾಲ ಮುಂದುವರಿಸಿತು.

ಇನ್ನೂ ಮುಖ್ಯವಾದದ್ದು, ವಿಂಡೋಸ್‌ಗಾಗಿ ಬಂದ ಹಲವು ಆವೃತ್ತಿಗಳಲ್ಲಿ ತಂತ್ರಾಂಶವನ್ನು ಮೂರು ಬಗೆಯಲ್ಲಿ ತೆರೆಯಬಹುದಾಗಿತ್ತು. ಸಾಮಾನ್ಯ ಬಗೆಯಲ್ಲಿ ಕಾರ್ಡಿನ ಓಪನ್‌ಜಿಎಲ್ ಡ್ರೈವರ್ ಕೆಲಸ ಮಾಡುತ್ತದೆ. ‘ಆಂಗಲ್’ ಬಗೆಯಲ್ಲಿ ಓಪನ್‌ಜಿಎಲ್ ಆಜ್ಞೆಗಳು ಡೈರೆಕ್ಟ್‌3ಡಿಗೆ ಅನುವಾದವಾಗಿ ಕಾರ್ಡಿಗೆ ಹೋಗುತ್ತವೆ. ‘ಮೆಸಾ’ ಬಗೆಯಲ್ಲಿ ಕಾರ್ಡಿಗೆ ಚಿತ್ರ ಬರೆಯುವ ಕೆಲಸವೇ ಇಲ್ಲ, ಎಲ್ಲವನ್ನೂ ಪ್ರೊಸೆಸರ್ ಬರೆಯುತ್ತದೆ. ಮೂರರಲ್ಲಿ ಯಾವುದು ಸರಿಹೋಯಿತು ಎಂಬುದರಿಂದಲೇ ದೋಷದ ಜಾಗ ತಿಳಿಯುತ್ತದೆ. ಸಾಮಾನ್ಯ ಬಗೆಯಲ್ಲಿ ಕಪ್ಪು ತೆರೆ, ಆಂಗಲ್‌ನಲ್ಲಿ ಸರಿಯಾದ ಆಕಾಶ ಎಂದಾದರೆ ಕಾರ್ಡ್ ಚೆನ್ನಾಗಿದೆ, ಅದರ ಓಪನ್‌ಜಿಎಲ್ ಡ್ರೈವರ್ ಸರಿಯಿಲ್ಲ. ಎರಡರಲ್ಲೂ ಕೆಟ್ಟು ಮೆಸಾದಲ್ಲಿ ಮಾತ್ರ ಸರಿಬಂದರೆ ತಂತ್ರಾಂಶ ಚೆನ್ನಾಗಿದೆ, ಕಾರ್ಡ್ ಅಥವಾ ಅದರ ಡ್ರೈವರ್ ಅಸಮರ್ಥ. ಮೂರರಲ್ಲೂ ಅದೇ ಪಟ್ಟೆ ಬಂದರೆ ಕೇಬಲ್, ಮಾನಿಟರ್, ಕಾರ್ಡಿನ ಮೆಮೊರಿ ಇವುಗಳ ಕಡೆ ನೋಡಬೇಕು. ಕೆರೆಯ ದಾರಿಯಲ್ಲಿ ಮೂರು ಕಡೆ ಸೀಸೆ ಅದ್ದಿ ನೋಡಿದಂತೆ ಇದು. ಜೊತೆಗೆ, ತೆರೆದಾಗಲೆಲ್ಲ ಕಾರ್ಡಿನ ಹೆಸರು ಮತ್ತು ಓಪನ್‌ಜಿಎಲ್ ಆವೃತ್ತಿಯನ್ನು ತಂತ್ರಾಂಶ ತನ್ನ ದಾಖಲೆ ಕಡತದಲ್ಲಿ ಬರೆದಿಡುತ್ತದೆ.

ಇಲ್ಲಿಯೂ ಆಕ್ಷೇಪಕ್ಕೆ ಎಡೆಯಿದೆ. ‘ಆಂಗಲ್’, ‘ಮೆಸಾ’ ಎಂಬ ಹೆಸರುಗಳು ಒಬ್ಬ ಜೀವಶಾಸ್ತ್ರದ ಶಿಕ್ಷಕಿಗೆ ಏನನ್ನೂ ಹೇಳುವುದಿಲ್ಲ. ‘ಕಾರ್ಡ್ ಬಳಸದೆ ತೆರೆ’ ಎಂದು ಬರೆದಿದ್ದರೆ ಎಲ್ಲರಿಗೂ ಅರ್ಥವಾಗುತ್ತಿತ್ತು. ದಾಖಲೆ ಕಡತ ಎಲ್ಲಿದೆ ಎಂದು ಹುಡುಕುವುದೂ ಸುಲಭವಲ್ಲ. ಮೆಸಾ ಬಗೆಯಲ್ಲಿ ಹಳೆಯ ಪ್ರೊಸೆಸರ್ ಬಸವನಹುಳುವಿನಂತೆ ತೆವಳುತ್ತದೆ ಎಂಬುದನ್ನೂ ಮರೆಯಬಾರದು. ಹಾಗಿದ್ದರೂ ಎಕ್ಸ್‌ಪಿಯ ಸ್ಲೈಡರ್‌ಗಿಂತ ಇದು ಉತ್ತಮ, ಏಕೆಂದರೆ ಇದರ ಪ್ರತಿ ಆಯ್ಕೆಯೂ ಒಂದು ಪ್ರಶ್ನೆಗೆ ಉತ್ತರ ಕೊಡುತ್ತದೆ. ‘ಆಗದು’ ಎಂಬುದೂ ಒಂದು ಉತ್ತರ. ಆಗ ಶಿಕ್ಷಕರು ಸೆಟ್ಟಿಂಗ್‌ನೊಂದಿಗೆ ಗುದ್ದಾಡುವುದನ್ನು ಬಿಟ್ಟು ಶೂನ್ಯ ನೆರಳಿನ ಪಾಠಕ್ಕೆ ಅಂಗಳದಲ್ಲಿ ಕೋಲು ನೆಡಬಹುದು.

ಶಾಲೆಯಲ್ಲೇ ಮಾಡಬಹುದಾದ ಪರೀಕ್ಷೆಗಳು

ಟೀಕೆಯಷ್ಟೇ ಸಾಲದು. ಹಣ ಖರ್ಚಿಲ್ಲದೆ, ಒಂದು ಬಾರಿಗೆ ಒಂದೇ ಅಂಶ ಬದಲಿಸಿ ಮಾಡಬಹುದಾದ ಕೆಲವು ಪರೀಕ್ಷೆಗಳು ಇಲ್ಲಿವೆ.

ಮಾನಿಟರ್ ಪರೀಕ್ಷೆ: ಕೇಬಲನ್ನು ಗಣಕದಿಂದ ಕಳಚಿ ಮಾನಿಟರ್ ಮಾತ್ರ ಚಾಲೂ ಮಾಡಿ. ‘ಸಿಗ್ನಲ್ ಇಲ್ಲ’ ಎಂದು ಅದು ತಾನೇ ಬರೆಯುವ ಸಂದೇಶದಲ್ಲೂ ಪಟ್ಟೆಯಿದ್ದರೆ ಗಣಕ ನಿರಪರಾಧಿ.

ಬಣ್ಣದ ಪರೀಕ್ಷೆ: 15 ಪಿನ್ನಿನ ವಿಜಿಎ ಕೇಬಲ್‌ನಲ್ಲಿ ಕೆಂಪು, ಹಸಿರು, ನೀಲಿ ಮೂರಕ್ಕೂ ಬೇರೆಬೇರೆ ತಂತಿಗಳಿವೆ. ಬಿಳಿ ಹಿನ್ನೆಲೆ ಹಳದಿಯಾಗಿ ಕಂಡರೆ ನೀಲಿ ತಲಪುತ್ತಿಲ್ಲ. ಹಸಿರುನೀಲಿಯಾಗಿ ಕಂಡರೆ ಕೆಂಪು ಇಲ್ಲ. ನೇರಳೆಗೆಂಪಾಗಿ ಕಂಡರೆ ಹಸಿರು ಇಲ್ಲ. ಹೆಚ್ಚಿನ ಸಲ ಬಾಗಿದ ಒಂದು ಪಿನ್ನೇ ಕಾರಣ. ಬೆಳಕಿನ ಬಣ್ಣಗಳ ಸಂಕಲನವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಬಯೋಸ್ ಪರೀಕ್ಷೆ: ಗಣಕ ಚಾಲೂ ಮಾಡಿದೊಡನೆ, ವಿಂಡೋಸ್ ಬರುವ ಮೊದಲೇ, ಅಕ್ಷರಗಳ ನಡುವೆ ಚುಕ್ಕೆ ಕಸ ಕಂಡರೆ ವಿಂಡೋಸ್ ಡ್ರೈವರ್ ಇನ್ನೂ ಕೆಲಸಕ್ಕೇ ಬಂದಿಲ್ಲ, ಅದನ್ನು ದೂರುವುದು ತಪ್ಪು.

ಸೇಫ್ ಮೋಡ್ ಪರೀಕ್ಷೆ: ಅಲ್ಲಿ ಸಾಮಾನ್ಯ ಡ್ರೈವರ್ ಮಾತ್ರ ಇರುತ್ತದೆ. ಅಲ್ಲಿ ಸರಿಯಾಗಿದ್ದು ಸಾಮಾನ್ಯ ವಿಂಡೋಸ್‌ನಲ್ಲಿ ಕೆಟ್ಟರೆ ಸಂಶಯ ಡ್ರೈವರ್ ಮತ್ತು ವೇಗವರ್ಧನೆಯ ಮೇಲೆ.

ತೆರೆಚಿತ್ರ ಪರೀಕ್ಷೆ: ಪ್ರಿಂಟ್ ಸ್ಕ್ರೀನ್ ಒತ್ತಿ ಚಿತ್ರವನ್ನು ಉಳಿಸಿ ಬೇರೆ ಗಣಕದಲ್ಲಿ ತೆರೆಯಿರಿ. ಅಲ್ಲೂ ಪಟ್ಟೆಯಿದ್ದರೆ ಚಿತ್ರ ಬರೆಯುವಾಗಲೇ ಕೆಟ್ಟಿದೆ. ಇಲ್ಲವಾದರೆ ಬರೆದ ಮೇಲೆ, ಹೊರಗೆ ಕಳಿಸುವಾಗ ಕೆಟ್ಟಿದೆ ಎನ್ನಲು ಆಧಾರ ಸಿಗುತ್ತದೆ. ಹಳೆಯ ವಿಂಡೋಸ್‌ನಲ್ಲಿ ವಿಡಿಯೋ ಓಡುವಾಗ ಮಾತ್ರ ಈ ಪರೀಕ್ಷೆ ನಂಬಬೇಡಿ. ವಿಡಿಯೋವನ್ನು ಕಾರ್ಡು ಪ್ರತ್ಯೇಕ ಪದರವಾಗಿ ಕೊನೆಯಲ್ಲಿ ಸೇರಿಸುವುದರಿಂದ ಉಳಿಸಿದ ಚಿತ್ರದಲ್ಲಿ ಆ ಜಾಗ ಕಪ್ಪಾಗಿರಬಹುದು.

ಕಾಲದ ಪರೀಕ್ಷೆ: ದೋಷ ಮೊದಲ ನಿಮಿಷದಲ್ಲೇ ಬರುತ್ತದೆಯೇ, ಹತ್ತು ನಿಮಿಷದ ಮೇಲೆಯೇ? ಬಿಸಿಯಾದ ಮೇಲೆ ಮಾತ್ರ ಬಂದರೆ ಕಾರ್ಡಿನ ಫ್ಯಾನ್ ತಿರುಗುತ್ತಿದೆಯೇ, ಧೂಳು ಕಟ್ಟಿದೆಯೇ, ಬೋರ್ಡಿನ ಕೆಪಾಸಿಟರ್‌ಗಳ ತಲೆ ಉಬ್ಬಿದೆಯೇ ನೋಡಬೇಕು.

ಬ್ಯಾಟರಿ ಪರೀಕ್ಷೆ: ನಿನ್ನೆ ಸರಿಮಾಡಿದ್ದು ಇಂದು ಹಾಳಾಗಿದ್ದರೆ, ಗಣಕದ ಗಡಿಯಾರವೂ ಹಿಂದೆ ಹೋಗಿದೆಯೇ ಗಮನಿಸಿ. ಹೋಗಿದ್ದರೆ ಬೋರ್ಡಿನ 3 ವೋಲ್ಟ್ ನಾಣ್ಯದಾಕಾರದ ಬ್ಯಾಟರಿ ಸತ್ತಿದೆ. ಬಯೋಸ್ ಪ್ರತಿ ಸಲವೂ ಮೂಲ ಸ್ಥಿತಿಗೆ ಮರಳಿ, ಯಾವ ಗ್ರಾಫಿಕ್ಸ್ ಮೊದಲು ಚಾಲೂ ಆಗಬೇಕೆಂಬ ನಿಮ್ಮ ಆಯ್ಕೆಯನ್ನು ಮರೆಯುತ್ತಿದೆ.

ಎಚ್ಚರಿಕೆಯ ಮಾತು: ಗಣಕದ ಪೆಟ್ಟಿಗೆ ತೆರೆಯುವ ಮೊದಲು ವಿದ್ಯುತ್ ಪ್ಲಗ್ ಕಳಚಿರಿ. ಹಳೆಯ ಕೊಳವೆ ಮಾನಿಟರನ್ನಂತೂ ಎಂದೂ ಬಿಚ್ಚಬೇಡಿ. ಅದರೊಳಗಿನ ಅಧಿಕ ವೋಲ್ಟೇಜ್ ಆರಿಸಿದ ಮೇಲೂ ಉಳಿದಿರಬಹುದು.

ದಾಖಲೆಯ ಅಗತ್ಯ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೂ ಸಾಮಾನ್ಯ ಬೆಂಬಲ ಮುಗಿದಿದೆ. ಅದರ ಮುಂದಿನ ಆವೃತ್ತಿ ಅನೇಕ ಹಳೆಯ ಗಣಕಗಳನ್ನು ಒಪ್ಪುವುದಿಲ್ಲ. ಅವುಗಳಲ್ಲಿ ಕೆಲವನ್ನು ಲಿನಕ್ಸ್‌ನೊಂದಿಗೆ ಉಳಿಸಿಕೊಳ್ಳಬಹುದು, ಕೆಲವನ್ನು ಬಿಡಲೇಬೇಕು. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕೆಂಬ ನಿರ್ಧಾರ ಊಹೆಯಿಂದ ಆಗಬಾರದು. ಲಿನಕ್ಸ್‌ನಲ್ಲಿ ‘ಜಿಎಲ್‌ಎಕ್ಸ್‌ಇನ್ಫೋ’ ಎಂಬ ಚಿಕ್ಕ ತಂತ್ರಾಂಶ ಚಿತ್ರ ಬರೆಯುತ್ತಿರುವವರು ಯಾರೆಂದು ಹೇಳುತ್ತದೆ. ಅಲ್ಲಿ ‘ಎಲ್‌ಎಲ್‌ವಿಎಂಪೈಪ್’ ಎಂಬ ಹೆಸರು ಕಂಡರೆ ಕಾರ್ಡ್ ಸುಮ್ಮನಿದೆ, ಪ್ರೊಸೆಸರ್ ದುಡಿಯುತ್ತಿದೆ.

ಪ್ರತಿ ಗಣಕಕ್ಕೂ ಒಂದು ಹಾಳೆ ಇಡುವುದು ಒಳ್ಳೆಯದು. ಅದರಲ್ಲಿ ನಾಲ್ಕು ಅಂಕಣ ಸಾಕು: ಏನು ಬದಲಿಸಿದೆವು, ಏನಾಗಬಹುದೆಂದು ನಿರೀಕ್ಷಿಸಿದೆವು, ಏನು ಕಂಡಿತು, ಯಾವ ಭಾಗವನ್ನು ಸಂಶಯದಿಂದ ಬಿಟ್ಟೆವು. ಸ್ಲೈಡರ್ ಎಳೆದರೆ ಅದನ್ನೂ ಬರೆಯಬೇಕು, ಪರೀಕ್ಷೆ ಮುಗಿದ ಮೇಲೆ ಹಿಂದಿನ ಸ್ಥಾನಕ್ಕೆ ತಂದದ್ದನ್ನೂ ಬರೆಯಬೇಕು. ಈ ಹಾಳೆಯನ್ನು ವಿದ್ಯಾರ್ಥಿಗಳೇ ತುಂಬಲಿ. ಭೌತಶಾಸ್ತ್ರದ ಪ್ರಯೋಗ ಪುಸ್ತಕದಲ್ಲಿ ಬರೆಯುವ ಕ್ರಮಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಆದರೆ ಇಲ್ಲಿ ಉತ್ತರ ಪುಸ್ತಕದ ಹಿಂಬದಿಯಲ್ಲಿ ಅಚ್ಚಾಗಿರುವುದಿಲ್ಲ.

‘ಕೆಟ್ಟಿದೆ’ ಎಂದು ಚೀಟಿ ಅಂಟಿಸಿದ ಗಣಕದಿಂದ ಯಾರೂ ಏನನ್ನೂ ಕಲಿಯುವುದಿಲ್ಲ. ‘ಕೇಬಲ್‌ನ ನೀಲಿ ತಂತಿ ತುಂಡಾಗಿದೆ’ ಎಂದು ಬರೆದಿದ್ದರೆ ಅದನ್ನು ಮುಂದಿನವರು ಸರಿಪಡಿಸಿಯಾರು.